ಗಟ್ಟು ಎಂಬ ಹುಡುಗನೂ ನಮ್ಮೂರ ಗೋಡೆಗಳೂ

ಗಟ್ಟು ಗೊತ್ತಾ ನಿಮಗೆ?

ಹೆಸರು ಹೇಳಿದರೆ ತಕ್ಷಣ ನೆನಪಾಗಲಿಕ್ಕಿಲ್ಲ. ಹಣೆ ಮೇಲೆ ಕೂದಲು ಇಳಿಬಿಟ್ಟುಕೊಂಡು, ಒಂದು ಕೈಯಲ್ಲಿ ಬಣ್ಣದ ಡಬ್ಬ, ಇನ್ನೊಂದು ಕೈಯಲ್ಲಿ ಬ್ರಷ್ ಹಿಡಿದು, ಈಗಷ್ಟೇ ಏನೋ ಕಿತಾಪತಿ ಮುಗಿಸಿ ಬಂದವನ ಹಾಗೆ ನಿಂತಿರುವ ಹುಡುಗ... ಹಾಂ, ಅವನೇ! ಏಷ್ಯನ್ ಪೇಂಟ್ಸ್ ಡಬ್ಬದ ಮೇಲಿದ್ದ ಪೋರ.

ಈ ಹುಡುಗ ಹುಟ್ಟಿದ್ದು 1954ರಲ್ಲಿ. ಕಂಪನಿ ಅವನನ್ನು ಕೈಬಿಟ್ಟಿದ್ದು 2002ರಲ್ಲಿ. ನಾನು ಅಂಕೋಲೆಯಲ್ಲಿ ಒಂದನೇ ಕ್ಲಾಸಿಗೆ ಹೋಗುವ ಹೊತ್ತಿಗಾಗಲೇ ಅವನು ರಿಟೈರ್ ಆಗಿದ್ದ. ಟೀವಿಯಲ್ಲಿ ಅವನ ಜಾಹೀರಾತು ನೋಡಿದ ನೆನಪು ನನಗಿಲ್ಲ. ಆದರೂ ಅವನ ಮುಖ ನನಗೆ ಚೆನ್ನಾಗಿ ಗೊತ್ತು. ನನ್ನ ವಯಸ್ಸಿನ ಕಾರವಾರದ ಗೆಳೆಯರಿಗೂ ಗೊತ್ತು. ಕಂಪನಿಯೇ ಮರೆತ ಮೇಲೆ ಬುದ್ಧಿ ಬಂದ ನಮಗೆ ಅವನು ಪರಿಚಯವಾದದ್ದಾದರೂ ಹೇಗೆ? ಈ ಪ್ರಶ್ನೆ ಹಿಡಿದುಕೊಂಡು ಹೊರಟರೆ ಒಂದು ಜಾಹೀರಾತಿನ ಗೊಂಬೆ ಜನರ ಸ್ವತ್ತಾಗುವುದು ಹೇಗೆ ಅನ್ನೋದರ ಚರಿತ್ರೆಯೇ ಸಿಗುತ್ತೆ. ಅದನ್ನೇ ಇವತ್ತು ಬರೀತಿದ್ದೀನಿ, ಸ್ವಲ್ಪ ಉದ್ದವಾಗಬಹುದು, ಸಹಿಸಿಕೊಳ್ಳಿ :)

ಈಗ ಮ್ಯಾಸ್ಕಾಟ್ ಅಂದರೆ ನಮ್ಮ ಆಫೀಸಿನ ಹುಡುಗರಿಗೆ ನೆನಪಾಗೋದು ಟೀ ಶರ್ಟು. ಜಪಾನಿನ ಬೇಪ್ ಅನ್ನೋ ಬಟ್ಟೆ ಕಂಪನಿಗೆ ಬೇಬಿ ಮೈಲೋ ಅಂತ ಒಂದು ಕೋತಿಮರಿ ಇದೆ. ಆ ಮುಖ ಎದೆ ಮೇಲಿದ್ದರೆ ಸಾಕು, ಅಂಗಿಯ ರೇಟು ಆಕಾಶಕ್ಕೆ. ಅಂಗಿ ಹಾಕಿಕೊಂಡವನು ಎಲ್ಲೆಲ್ಲಿ ತಿರುಗುತ್ತಾನೋ ಅಲ್ಲೆಲ್ಲ ಗೊಂಬೆಯೂ ತಿರುಗುತ್ತೆ. ನಮ್ಮ ಕಾರವಾರ, ಅಂಕೋಲೆಗೆ ಇಂಥ ಅಂಗಿಗಳು ಬರುವ ಎಷ್ಟೋ ಮೊದಲೇ ಅಲ್ಲಿ ಬೇರೆ ಅಂಗಿ ಇತ್ತು: ಊರಿನ ಗೋಡೆ. ಆ ಅಂಗಿ ಎಲ್ಲಿಗೂ ಹೋಗುತ್ತಿರಲಿಲ್ಲ. ಜನರೇ ಅದರ ಮುಂದೆ ದಿನಾ ಹಾದು ಹೋಗುತ್ತಿದ್ದರು, ಅಷ್ಟೇ.

*

ಮೊದಲು ಹುಟ್ಟು. ಗಟ್ಟುವನ್ನು ಬರೆದವರು ನಮ್ಮ ಮೈಸೂರಿನ ಆರ್. ಕೆ. ಲಕ್ಷ್ಮಣ್. ಇದು ಎಷ್ಟು ಜನರಿಗೆ ಗೊತ್ತೋ! ಡಬ್ಬ ಕೊಂಡವರಿಗಂತೂ ಗೊತ್ತಿರಲಿಲ್ಲ.

ಲಕ್ಷ್ಮಣ್ ಹುಟ್ಟಿದ್ದು 1921ರಲ್ಲಿ, ಮೈಸೂರಲ್ಲಿ. ಅಪ್ಪ ಹೆಡ್ಮಾಸ್ಟರು, ಅಣ್ಣ ಆರ್. ಕೆ. ನಾರಾಯಣ್. ಚಿಕ್ಕವರಿದ್ದಾಗ ಮನೆಯ ನೆಲ, ಗೋಡೆ, ಬಾಗಿಲು ಯಾವುದನ್ನೂ ಬಿಡದೆ ಚಿತ್ರ ಬರೆಯುತ್ತಿದ್ದರಂತೆ. ಮುಂದೆ ಮುಂಬೈಯ ಜೆ. ಜೆ. ಸ್ಕೂಲ್ ಆಫ್ ಆರ್ಟಿಗೆ ಅರ್ಜಿ ಹಾಕಿದರೆ ಅವರು ಸೀಟು ಕೊಡಲಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲೇ ಓದಿದರು. ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿ, 1942ರಲ್ಲಿ ಶುರು ಮಾಡಿದ 'ಕೊರವಂಜಿ' ಹಾಸ್ಯ ಪತ್ರಿಕೆಗೆ ಚಿತ್ರ ಬರೆದರು. ಆಮೇಲೆ ಮುಂಬೈ, ಟೈಮ್ಸ್ ಆಫ್ ಇಂಡಿಯಾ. 1951ರಲ್ಲಿ ಚೌಕಳಿ ಕೋಟಿನ ಕಾಮನ್ ಮ್ಯಾನ್ ಹುಟ್ಟಿದ. ಅವನ ಹಿಂದೆಯೇ, ಮೂರು ವರ್ಷ ಬಿಟ್ಟು, ಗಟ್ಟು.

ಗೋಡೆ ಮೇಲೆ ಗೀಚುತ್ತಿದ್ದ ಮೈಸೂರಿನ ಹುಡುಗ ಬೆಳೆದು ದೊಡ್ಡವನಾಗಿ, ಗೋಡೆಗೆ ಬಣ್ಣ ಬಳಿಯೋ ಹುಡುಗನ ಚಿತ್ರ ಬರೆದ. ಇದನ್ನು ಅವರು ಬೇಕು ಅಂತಲೇ ಮಾಡಿದ್ದು ಅಂತ ನಾನು ಹೇಳಲಾರೆ. ಆದರೆ ಆ ಮುಖದಲ್ಲಿರುವ ತುಂಟತನ ಎಲ್ಲಿಂದ ಬಂತು ಅಂತ ಕೇಳಿದರೆ ನನಗಂತೂ ಬೇರೆ ಉತ್ತರ ಹೊಳೆಯೋಲ್ಲ.

ಆ ಕಂಪನಿಯದೂ ಒಂದು ಕತೆ. 1942ರಲ್ಲಿ ಯುದ್ಧದ ಕಾರಣಕ್ಕೆ ಹೊರದೇಶದ ಬಣ್ಣ ಬರುವುದು ನಿಂತಾಗ ಮುಂಬೈಯಲ್ಲಿ ನಾಲ್ಕು ಜನ ಸ್ನೇಹಿತರು ಒಂದು ಗ್ಯಾರೇಜಿನಲ್ಲಿ ಶುರು ಮಾಡಿದ್ದು. ದೊಡ್ಡ ಊರುಗಳ ದೊಡ್ಡ ಅಂಗಡಿಗಳೆಲ್ಲ ವಿದೇಶಿ ಕಂಪನಿಗಳ ಕೈಯಲ್ಲಿದ್ದವು. ಇವರು ಹಿಡಿದ ದಾರಿ ಸಣ್ಣ ಊರು, ಸಣ್ಣ ಅಂಗಡಿ, ಸಣ್ಣ ಡಬ್ಬ. ಮಹಾರಾಷ್ಟ್ರದಲ್ಲಿ ಪೋಳಾ ಹಬ್ಬಕ್ಕೆ ರೈತರು ಎತ್ತಿನ ಕೋಡಿಗೆ ಬಣ್ಣ ಹಚ್ಚುತ್ತಾರೆ. ಅದಕ್ಕೆ ಒಂದು ಗ್ಯಾಲನ್ ಡಬ್ಬ ಕೊಳ್ಳುವವರು ಯಾರು? ಚಿಕ್ಕ ಡಬ್ಬ ಮಾಡಿ ಹಳ್ಳಿಗೆ ಕಳಿಸಿದರು. 1967ರ ಹೊತ್ತಿಗೆ ದೇಶದ ನಂಬರ್ ಒನ್ ಬಣ್ಣದ ಕಂಪನಿಯಾಗಿ ಕೂತರು.

ಹಳ್ಳಿಗೆ ಹೋಗುವ ಡಬ್ಬದ ಮೇಲೆ ಇಂಗ್ಲಿಷ್ ಅಕ್ಷರ ಇದ್ದರೆಷ್ಟು, ಬಿಟ್ಟರೆಷ್ಟು? ಅಲ್ಲಿ ಬೇಕಾದದ್ದು ಚಿತ್ರ. ನಮ್ಮ ಹಿರಿಯರು ಇದಕ್ಕೆ ಮ್ಯಾಸ್ಕಾಟು, ಲೋಗೋ ಅಂತೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಅವರ ಹತ್ತಿರ ಒಂದೇ ಪದ: ಮಾರ್ಕು. ಕುದುರೆ ಮಾರ್ಕು, ಆನೆ ಮಾರ್ಕು, ನಾಯಿ ಮಾರ್ಕಿನ ಪ್ಲೇಟು. ಗ್ರಾಮಫೋನಿನ ಮುಂದೆ ಕೂತ ನಾಯಿಗೆ ನಿಪ್ಪರ್ ಅಂತ ಹೆಸರಿದೆ, ಆ ಪೇಂಟಿಂಗನ್ನು 1899ರಲ್ಲಿ ಗ್ರಾಮಫೋನ್ ಕಂಪನಿ ಕೊಂಡುಕೊಂಡಿತು ಅನ್ನೋದು ಯಾರಿಗೆ ಬೇಕಿತ್ತು? ನಾಯಿ ಮಾರ್ಕು ಅಂದರೆ ಮುಗೀತು. ನಮ್ಮ ಕಡೆ ಗಟ್ಟುವೂ ಮೊದಲು ಹಾಗೇ: 'ಹುಡುಗನ ಮಾರ್ಕು'.

*

ಹೆಸರಿನ ವಿಷಯ ಇನ್ನೂ ಮಜವಾಗಿದೆ. ಲಕ್ಷ್ಮಣ್ ಬರೆದುಕೊಟ್ಟಾಗ ಈ ಹುಡುಗನಿಗೆ ಹೆಸರೇ ಇರಲಿಲ್ಲ. ಕಂಪನಿ ಸ್ಪರ್ಧೆ ಇಟ್ಟಿತು: ಹೆಸರು ಸೂಚಿಸಿ, 500 ರೂಪಾಯಿ ಬಹುಮಾನ ಗೆಲ್ಲಿ. ಬಂದ ಉತ್ತರಗಳು 47,000ಕ್ಕೂ ಹೆಚ್ಚು! ಅಂಚೆ ಕಾರ್ಡಿನ ಕಾಲ ಅದು, ಈಗಿನ ಹಾಗೆ ಒಂದು ಕ್ಲಿಕ್ಕಿನ ಕೆಲಸ ಅಲ್ಲ. ಮುಂಬೈಯ ಇಬ್ಬರು ಒಂದೇ ಹೆಸರು ಬರೆದು ಕಳಿಸಿದ್ದರು, ಗಟ್ಟು ಅಂತ. ಅವರಿಬ್ಬರಿಗೇ ಬಹುಮಾನ ಹೋಯಿತು.

ನನ್ನ ಪ್ರಕಾರ ಗಟ್ಟು ನಿಜವಾಗಿ ಹುಟ್ಟಿದ್ದು ಅವತ್ತು. ಕಂಪನಿ ಇಟ್ಟ ಹೆಸರಾಗಿದ್ದರೆ ಅದು ಬರೀ ಲೇಬಲ್ ಆಗುತ್ತಿತ್ತು. ಜನ ಇಟ್ಟ ಹೆಸರು ಮನೆ ಮಗುವಿನ ಅಡ್ಡಹೆಸರಿನ ಹಾಗೆ. ನಮ್ಮ ಕನ್ನಡದ ಕಿವಿಗಂತೂ 'ಗಟ್ಟಿ', 'ಗಟ್ಟಿಗ' ಎರಡೂ ಅದರಲ್ಲಿ ಕೇಳಿಸುತ್ತವೆ. ಬಣ್ಣಕ್ಕೆ ಇದಕ್ಕಿಂತ ಒಳ್ಳೆ ಹೆಸರು ಬೇಕಾ?

ಇನ್ನೊಂದು ತಮಾಷೆ ನೋಡಿ. ಗಟ್ಟು ಹುಟ್ಟಿದ 1954ರಲ್ಲಿ ನಮ್ಮ ಕಾರವಾರ, ಅಂಕೋಲೆ ಇದ್ದದ್ದೂ ಮುಂಬೈ ರಾಜ್ಯದಲ್ಲೇ! ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಮೈಸೂರಿನ ಲಕ್ಷ್ಮಣ್ ಮುಂಬೈಗೆ ಹೋದರು, ಮುಂಬೈಯ ಕಾರವಾರ ಮೈಸೂರಿಗೆ ಬಂತು. ರಾಜ್ಯ ಬದಲಾದರೂ ಮುಂಬೈ ನಂಟು ಬಿಡಲಿಲ್ಲ. ನಮ್ಮ ಚುಟುಕದ ದಿನಕರ ದೇಸಾಯಿಯವರೇ ಅಂಕೋಲೆಯವರಾಗಿ ಮುಂಬೈಯಲ್ಲಿ ದುಡಿದವರು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಮುಂಬೈಯಲ್ಲಿ ಇದ್ದು ಬಂದವರು ಸಿಗುತ್ತಾರೆ. ಮುಂಬೈಯ ಹುಡುಗನೊಬ್ಬ ಡಬ್ಬದ ಮೇಲೆ ಕೂತು ಬಂದದ್ದು ಯಾರಿಗೂ ಪರಕೀಯ ಅನ್ನಿಸಲಿಲ್ಲ.

*

ಈಗ ಗೋಡೆಗೆ ಬರೋಣ. ನಮ್ಮ ಕರಾವಳಿಯ ಗೋಡೆ ಅಂದರೆ ಕೆಂಪು ಕಲ್ಲು. ಅದರ ಮೇಲೆ ಗಾರೆ, ಗಾರೆ ಮೇಲೆ ಸುಣ್ಣ. ಹೊಳೆ ಬಾಯಿಯಲ್ಲಿ ಸಿಗುವ ಚಿಪ್ಪು ಸುಟ್ಟು ಮಾಡಿದ ಸುಣ್ಣ ಅದು. ಸ್ವಲ್ಪ ನೀಲಿ ಹಾಕಿದರೆ ಬೆಳ್ಳಗೆ ಕಾಣುತ್ತೆ, ಅಷ್ಟೇ ಅಲಂಕಾರ. ವರ್ಷಕ್ಕೆ 3000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರು. ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಕಳೆಯುವ ಹೊತ್ತಿಗೆ ಗೋಡೆಯನ್ನು ಪಾಚಿ ಹಸಿರು ಮಾಡಿ ಹೋಗುತ್ತೆ. ಹಾಗಾಗಿ ಬಣ್ಣ ಅನ್ನೋದು ನಮ್ಮಲ್ಲಿ ಚಂದಕ್ಕಲ್ಲ, ಮಳೆಯ ಜತೆ ಪ್ರತಿ ವರ್ಷದ ಜಗಳ.

ಈ ಜಗಳಕ್ಕೆ ಪಂಚಾಂಗ ಇತ್ತು. ಚೌತಿ ಬರೋದು ಮಳೆ ಇರುವಾಗಲೇ. ಹೊರಗೆ ಬಳಿಯೋಕಾಗಲ್ಲ. ಆದರೆ ಗಣಪತಿ ಕೂರುವ ಜಗಲಿ, ಕೋಣೆ ಬಣ್ಣಗೆಟ್ಟಿದ್ದರೆ ಹೇಗೆ? ಒಳಗೋಡೆಗೆ ಡಿಸ್ಟೆಂಪರ್. ಹೊರಗೋಡೆಗೆ ಸುಣ್ಣ, ಮಳೆ ಬಿಟ್ಟ ಮೇಲೆ, ದೀಪಾವಳಿ ಹೊತ್ತಿಗೆ. ಕಿಟಕಿ, ಬಾಗಿಲಿಗೆ ಮತ್ತು ದೋಣಿಗೆ ಆಯಿಲ್ ಪೇಂಟು. ಡಿಸ್ಟೆಂಪರ್ ಅಂದರೆ ಸೀಮೆಸುಣ್ಣದಂಥ ಪುಡಿಗೆ ಬಣ್ಣ, ಅಂಟು ಸೇರಿಸಿದ್ದು. ನೀರಲ್ಲಿ ಕಲಸಿದರೆ ಆಯ್ತು. ಸುಣ್ಣದ ಹಾಗೆ ಒರಗಿದವರ ಬೆನ್ನಿಗೆಲ್ಲ ಮೆತ್ತಿಕೊಳ್ಳುವುದಿಲ್ಲ, ಆಯಿಲ್ ಪೇಂಟಿನಷ್ಟು ದುಬಾರಿಯೂ ಅಲ್ಲ. ಗಟ್ಟು ಮೊದಲ ದಿನಗಳಲ್ಲಿ ಮಾರಿದ್ದು ಇದನ್ನೇ. ಟ್ರಾಕ್ಟರ್ ಡಿಸ್ಟೆಂಪರಿನ ಹಳೆಯ ಜಾಹೀರಾತಿನಲ್ಲಿ ಇಂಗ್ಲಿಷಿನ 'ಟೆಂಪರ್' ಪದ ಹಿಡಿದು ಒಂದು ಶ್ಲೇಷೆ ಇತ್ತು: ಸಿಟ್ಟಾಗಬೇಡಿ, ಡಿಸ್ಟೆಂಪರ್ ಬಳಸಿ ಅನ್ನೋ ಅರ್ಥದ್ದು. ಆ ಶ್ಲೇಷೆ ಅಂಕೋಲೆ ಮುಟ್ಟಲಿಲ್ಲ. ಹುಡುಗ ಮುಟ್ಟಿದ.

ಹೇಗೆ ಮುಟ್ಟಿದ? ಎರಡು ದಾರಿ.

ಒಂದು, ಖಾಲಿ ಡಬ್ಬ. ಬಣ್ಣ ಎರಡು ದಿನದಲ್ಲಿ ಖಾಲಿ ಆಗುತ್ತೆ, ತಗಡಿನ ಡಬ್ಬ ಹತ್ತು ವರ್ಷ ಬಾಳುತ್ತೆ. ನಮ್ಮ ಕಡೆ ಡಬ್ಬ ಬಿಸಾಡಿದ್ದನ್ನು ನಾನು ನೋಡಿಲ್ಲ. ನಮ್ಮ ಅಜ್ಜಿಯ ಅಬ್ಬಲಿಗೆ ಗಿಡ ಇದ್ದದ್ದು ಅದರಲ್ಲಿ. ಬಚ್ಚಲ ಒಲೆಯ ಬೂದಿ ತುಂಬಿಡಲು ಅದು. ದೋಣಿಯೊಳಗೆ ಬಂದ ನೀರು ಎತ್ತಿ ಚೆಲ್ಲಲು ಅದು. ತಂತಿಯ ಹಿಡಿಕೆ ಕಟ್ಟಿದರೆ ಬಾವಿಗೆ ಕೊಡಪಾನ. ಇಷ್ಟೆಲ್ಲ ಕೆಲಸ ಮಾಡುವಾಗಲೂ ಡಬ್ಬದ ಮೇಲೆ ಆ ಹುಡುಗ ತುಕ್ಕಿನ ನಡುವೆ ನಿಂತಿರುತ್ತಿದ್ದ. ಕಂಪನಿ ಅವನನ್ನು ನಿಲ್ಲಿಸಿದ ಮೇಲೂ ಅಜ್ಜಿಯ ಅಬ್ಬಲಿಗೆ ಬುಡದಲ್ಲಿ ಅವನ ಡ್ಯೂಟಿ ನಡೆದೇ ಇತ್ತು. ನನಗೆ ಪರಿಚಯವಾದದ್ದು ಹೀಗೆ.

ಎರಡು, ಪೇಂಟರು. ಗೋಡೆ ಮೇಲೆ, ಅಂಗಡಿ ಬೋರ್ಡಿನ ಮೇಲೆ ಗಟ್ಟುವನ್ನು ಬರೆದವರು ನಮ್ಮೂರಿನ ಬೋರ್ಡ್ ಪೇಂಟರುಗಳು. ಡಬ್ಬ ಪಕ್ಕಕ್ಕಿಟ್ಟುಕೊಂಡು, ನೋಡಿ ನೋಡಿ, ಸೀಮೆಸುಣ್ಣದಲ್ಲಿ ಚೌಕ ಹಾಕಿ, ದೊಡ್ಡದು ಮಾಡಿ ಬರೆಯುತ್ತಿದ್ದರು. ಲಕ್ಷ್ಮಣರ ಗೆರೆ ಹಾಗೇ ಬರುತ್ತಾ? ಬರಲ್ಲ. ನಾನು ದಿನಾ ಶಾಲೆಗೆ ಹೋಗುವ ದಾರಿಯಲ್ಲಿದ್ದ ಗಟ್ಟುವಿಗೆ ಮೂಗು ಸ್ವಲ್ಪ ದಪ್ಪ. ಕಾರವಾರದಲ್ಲಿ ನೋಡಿದ ಇನ್ನೊಬ್ಬನಿಗೆ ಕೂದಲು ಎಣ್ಣೆ ಹಾಕಿ ಬಾಚಿದ ಹಾಗೆ ನೀಟು! ಒಬ್ಬೊಬ್ಬ ಪೇಂಟರ್ ಬರೆದದ್ದು ಒಬ್ಬೊಬ್ಬ ಹುಡುಗ. ಕೆಲವು ವರ್ಷಗಳ ಹಿಂದೆ ನಮ್ಮ ಕೇರಿಯ ಹಳೆ ಪೇಂಟರ್ ಮಾಮನ ಹತ್ತಿರ ಈ ದಪ್ಪ ಮೂಗಿನ ಬಗ್ಗೆ ಕೇಳಿದೆ. "ಅವರ ಹುಡುಗ ಅವರ ಹಾಗಿರ್ತಾನೆ, ನಮ್ಮ ಹುಡುಗ ನಮ್ಮ ಹಾಗಿರ್ತಾನೆ ತಮ್ಮಾ" ಅಂದರು.

ಈ ಮಾತಿನಲ್ಲಿ ನನ್ನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು ಅನ್ನಿಸುತ್ತೆ. ಒಂದು ಚಿತ್ರ ಎಲ್ಲ ಕಡೆ ಒಂದೇ ಥರ ಇರಬೇಕು ಅಂತ ಈಗಿನ ಕಂಪನಿಗಳು ನೂರು ಪುಟದ ನಿಯಮಾವಳಿ ಬರೀತಾವೆ. ನಮ್ಮ ಆಫೀಸಲ್ಲೂ ಲೋಗೋದ ಸುತ್ತ ಎಷ್ಟು ಪಿಕ್ಸೆಲ್ ಜಾಗ ಬಿಡಬೇಕು ಅಂತ ಮೀಟಿಂಗ್ ಆಗುತ್ತೆ. ಗಟ್ಟು ಬೆಳೆದದ್ದು ಉಲ್ಟಾ ದಾರಿಯಲ್ಲಿ. ಅವನನ್ನು ತಪ್ಪಾಗಿ ಬರೆಯುವ ಸ್ವಾತಂತ್ರ್ಯ ಜನರಿಗಿತ್ತು. ಅದಕ್ಕೇ ಅವನು ಜನರವನಾದ.

*

ಹಾಗಾದರೆ ಕಂಪನಿ ಯಾಕೆ ಬಿಟ್ಟಿತು?

ಬಣ್ಣ ಆರಿಸುವವರು ಬದಲಾದರು. ಮೊದಲು ಮನೆ ಯಜಮಾನ "ಚೌತಿಗೆ ಒಳಗೆ ಬಳೀಬೇಕು ಮಾರಾಯ" ಅಂತ ಪೇಂಟರಿಗೆ ಹೇಳಿದರೆ ಆಯ್ತು, ಯಾವ ಕಂಪನಿ, ಯಾವ ಡಬ್ಬ ಎಲ್ಲ ಪೇಂಟರಿನ ತೀರ್ಮಾನ. ಗಟ್ಟು ಮಾತಾಡುತ್ತಿದ್ದದ್ದು ಪೇಂಟರಿನ ಜತೆ. ಬ್ರಷ್ ಹಿಡಿದವನಿಗೆ ಬ್ರಷ್ ಹಿಡಿದವನೇ ಗೆಳೆಯ. 1990ರ ದಶಕದ ಕೊನೆಗೆ ಅಂಗಡಿಗಳಿಗೆ ಬಣ್ಣ ಬೆರೆಸುವ ಮಷೀನು ಬಂತು. ಶೇಡ್ ಕಾರ್ಡ್ ತಿರುವಿ ನಂಬರ್ ಹೇಳಿದರೆ ಕಂಪ್ಯೂಟರ್ ಅಳತೆ ಪ್ರಕಾರ ಬೆರೆಸಿ ಕೊಡುತ್ತೆ. ಆರಿಸುವವರು ಮನೆಯವರಾದರು. ಬಣ್ಣ ಅನ್ನೋದು ಮಳೆಯ ಜಗಳದಿಂದ ಮನೆಯ ಭಾವನೆಗೆ ಬಡ್ತಿ ಪಡೆಯಿತು. 2002ರ ಸುಮಾರಿಗೆ ಬಂದ, ಪ್ರತಿ ಮನೆಗೂ ಹೇಳೋಕೊಂದು ಮಾತಿದೆ ಅನ್ನೋ ಅರ್ಥದ ಹಿಂದಿ ಜಾಹೀರಾತು ನಿಮಗೆ ನೆನಪಿರಬಹುದು. ಅಲ್ಲಿ ಡಬ್ಬವೂ ಇಲ್ಲ, ಬ್ರಷ್ಷೂ ಇಲ್ಲ, ಬರೀ ಮನೆ, ಮನೆಯ ಜನ. ಬಣ್ಣ ಸೋರುವ ಬ್ರಷ್ ಹಿಡಿದ ಪೋರನಿಗೆ ಆ ಸೋಫಾ ಇರುವ ಕೋಣೆಯಲ್ಲಿ ಜಾಗ ಎಲ್ಲಿ?

ಕಂಪನಿಯ ಲೆಕ್ಕದಲ್ಲಿ ಇದು ತಪ್ಪೇನಲ್ಲ. ಆದರೆ ಗಟ್ಟುವಿನ ಜತೆ ಚಿತ್ರದಿಂದ ಆಚೆ ಹೋದವನು ಪೇಂಟರ್ ಅನ್ನೋದು ಗಮನಿಸಬೇಕು. ಅದೇ ಹೊತ್ತಿಗೆ ಊರಿಗೆ ಫ್ಲೆಕ್ಸ್ ಬಂತು. ಚೌಕ ಹಾಕಿ ಬೋರ್ಡ್ ಬರೆಯುವವರ ಕೆಲಸ ಹೋಯಿತು. ತಗಡಿನ ಡಬ್ಬದ ಜಾಗಕ್ಕೆ 20 ಲೀಟರಿನ ಪ್ಲಾಸ್ಟಿಕ್ ಬಕೆಟ್ ಬಂತು. ಬಕೆಟ್ಟನ್ನೂ ನಮ್ಮವರು ಬಿಸಾಡಲ್ಲ ಬಿಡಿ, ಆದರೆ ಅದರ ಮೇಲೆ ಯಾರ ಮುಖವೂ ಇಲ್ಲ.

*

ಬೇರೆಯವರ ಜತೆ ಹೋಲಿಸಿದರೆ ವಿಷಯ ಇನ್ನೂ ಸ್ಪಷ್ಟ ಆಗುತ್ತೆ. ಏರ್ ಇಂಡಿಯಾದ ಮಹಾರಾಜ 1946ರವನು, ಗಟ್ಟುವಿಗಿಂತ ಹಿರಿಯ. ಅಮುಲ್ ಹುಡುಗಿ 1966ರವಳು, ಗಟ್ಟುವಿಗೆ ತಂಗಿ. ಆಕೆ ಇವತ್ತಿಗೂ ಇದ್ದಾಳೆ, ಯಾಕೆಂದರೆ ಊರಿನ ಸುದ್ದಿಗೆಲ್ಲ ಬಾಯಿ ಹಾಕುತ್ತಾಳೆ. ಎಲೆಕ್ಷನ್ ಇರಲಿ, ಕ್ರಿಕೆಟ್ ಇರಲಿ, ಅವಳದ್ದೊಂದು ಮಾತು ಇರಲೇಬೇಕು. ಗಟ್ಟು ಮಾತಾಡುವ ಹುಡುಗನಲ್ಲ. ಸುಮ್ಮನೆ ನಿಂತವನು. ನಿಂತ ಗೋಡೆ ಹೋದರೆ ಅವನೂ ಹೋದ.

ಇನ್ನು ಅವನ ಸ್ವಂತ ಅಣ್ಣ ಕಾಮನ್ ಮ್ಯಾನ್. ಅವನೂ ಮಾತಾಡಲ್ಲ, ಆದರೆ ದಿನಾ ಬೆಳಿಗ್ಗೆ ಪೇಪರಿನಲ್ಲಿ ಹಾಜರಿ ಹಾಕುತ್ತಿದ್ದ. 1988ರಲ್ಲಿ ಅಂಚೆಚೀಟಿಯ ಮೇಲೆ ಬಂದ, 2001ರಲ್ಲಿ ಪುಣೆಯ ಸಿಂಬಯೋಸಿಸ್‌ನಲ್ಲಿ ಪ್ರತಿಮೆಯಾದ. ಅದೆಲ್ಲ ಆದ ಮೇಲೆ ಅವನಿಗೆ ಕಂಪನಿ ಕೆಲಸ ಸಿಕ್ಕಿತು! ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರು-ಹುಬ್ಬಳ್ಳಿ ವಿಮಾನದೊಂದಿಗೆ ಶುರು ಮಾಡಿದ ಏರ್ ಡೆಕ್ಕನ್‌ಗೆ ಅವನೇ ಮ್ಯಾಸ್ಕಾಟ್ ಆದ. 2008ರಲ್ಲಿ ಆ ವಿಮಾನಗಳು ಕಿಂಗ್‌ಫಿಶರ್ ಹೆಸರಿಗೆ ಹೋದವು, ಆಮೇಲೆ ಕಿಂಗ್‌ಫಿಶರೂ ಮುಳುಗಿತು. ಕಾಮನ್ ಮ್ಯಾನ್‌ಗೆ ಏನೂ ಆಗಲಿಲ್ಲ. ಮೊದಲೇ ಜನರವನಾಗಿದ್ದವನನ್ನು ಕಂಪನಿ ಬಾಡಿಗೆಗೆ ತಗೊಂಡಿತ್ತು, ಅಷ್ಟೇ. ಗಟ್ಟು ಕಂಪನಿಯ ಮನೆಯಲ್ಲೇ ಹುಟ್ಟಿ ಜನರ ಹತ್ತಿರ ಓಡಿಬಂದವನು. ಇದು ಹೆಚ್ಚು ಕಷ್ಟದ ಪ್ರಯಾಣ.

ಕಂಪನಿಯೇ ಇಲ್ಲದೆ ಐಕಾನ್ ಆದವರೂ ನಮ್ಮಲ್ಲಿದ್ದಾರೆ. ಗಟ್ಟು ಹುಟ್ಟಿದ 1954ರಲ್ಲೇ ಹುಟ್ಟಿದ, ನಮ್ಮದೇ ಜಿಲ್ಲೆಯ ಹೊನ್ನಾವರದ ಕಡೆಯ ಶಂಕರ್ ನಾಗ್. ಅವರ 'ಮಾಲ್ಗುಡಿ ಡೇಸ್' ಧಾರಾವಾಹಿಯ ಟೈಟಲ್ಲಿಗೆ ರೇಖಾಚಿತ್ರ ಬರೆದವರೂ ಲಕ್ಷ್ಮಣ್! ಶಂಕರ್ ನಾಗ್ ಹೋಗಿದ್ದು 1990ರಲ್ಲಿ. ಇಂದಿಗೂ ಕರ್ನಾಟಕದ ಆಟೋಗಳ ಹಿಂದೆ ಅವರ ಮುಖ ಇದೆ. ಯಾರಾದರೂ ಮಾರ್ಕೆಟಿಂಗ್ ಪ್ಲಾನ್ ಮಾಡಿದ್ದರಾ? ಆಟೋದವರು ತಮ್ಮ ದುಡ್ಡಲ್ಲಿ, ತಮಗೆ ಬೇಕಾದ ಹಾಗೆ ಬರೆಸಿದರು. ಒಂದೊಂದು ಆಟೋದಲ್ಲಿ ಒಂದೊಂದು ಥರದ ಶಂಕ್ರಣ್ಣ. ಪೇಂಟರ್ ಮಾಮನ ಗಟ್ಟುವಿನ ಹಾಗೇ.

ಹಾಗಾಗಿ ನನಗೆ ಕಾಣುವುದು ಇಷ್ಟು. ಮ್ಯಾಸ್ಕಾಟ್ ಮಾಡುವುದು ಕಂಪನಿ, ಐಕಾನ್ ಮಾಡುವುದು ಅದನ್ನು ಮತ್ತೆ ಮತ್ತೆ ಬರೆಯುವ ಕೈಗಳು ಮತ್ತು ಬಿಸಾಡದೆ ಇಟ್ಟುಕೊಳ್ಳುವ ಮನೆಗಳು. ಚಿತ್ರ ಮಾರುವ ಕೆಲಸ ಬಿಟ್ಟು ಬೇರೆ ಯಾವುದಾದರೂ ಕೆಲಸಕ್ಕೆ ಬರಬೇಕು, ಗಿಡ ಹೊರಬೇಕು, ನೀರು ಚೆಲ್ಲಬೇಕು. ಆಗ ಅದು ಉಳಿಯುತ್ತೆ.

ಉಳಿಯುತ್ತೆ ಅಂದೆ, ಆದರೆ ಎಷ್ಟು ದಿನ? ಲಕ್ಷ್ಮಣರ ಮೂಲ ಚಿತ್ರ ಪುಸ್ತಕದಲ್ಲಿ, ಕಂಪನಿಯ ಕಡತದಲ್ಲಿ ಎಲ್ಲೋ ಭದ್ರವಾಗಿ ಇದ್ದೇ ಇರುತ್ತೆ. ಲಕ್ಷ್ಮಣ್ 2015ರ ಜನವರಿ 26ರಂದು ತೀರಿಕೊಂಡಾಗ ಗಟ್ಟುವಿನ ಹೆಸರೂ ಪೇಪರುಗಳಲ್ಲಿ ಮತ್ತೆ ಬಂತು. ದಪ್ಪ ಮೂಗಿನ ಅಂಕೋಲೆ ಗಟ್ಟು ಯಾವ ಕಡತದಲ್ಲೂ ಇಲ್ಲ. ಹೆದ್ದಾರಿ 66 ಅಗಲ ಮಾಡುವಾಗ ನಮ್ಮ ಜಿಲ್ಲೆಯ ಉದ್ದಕ್ಕೂ ರಸ್ತೆಬದಿಯ ಹಳೆ ಅಂಗಡಿ, ಮನೆ, ಕಂಪೌಂಡುಗಳು ಬಿದ್ದವು. ಅಂಥ ಗೋಡೆಗಳೇ ಈ ಬೋರ್ಡುಗಳ ಜಾಗ. ಶಾಸನ ಇರುವ ಕಲ್ಲು ಸಿಕ್ಕಿದರೆ ನಾವು ಫೋಟೋ ತೆಗೆದು, ಓದಿಸಿ, ಲೇಖನ ಬರೀತೀವಿ. ಬೋರ್ಡ್ ಪೇಂಟರ್ ಬರೆದ ಗೋಡೆಯೂ ನನ್ನ ಲೆಕ್ಕದಲ್ಲಿ ಶಾಸನವೇ. ಯಾರು ಬರೆಸಿದರು ಅಂತ ಅದರಲ್ಲಿ ದೊಡ್ಡದಾಗಿ ಇರುತ್ತೆ, ಯಾರು ಬರೆದರು ಅಂತ ಮೂಲೆಯಲ್ಲಿ ಸಣ್ಣದಾಗಿ ಸಹಿ ಇರುತ್ತೆ. ಆ ಸಹಿ ಮಾಡಿದವರಲ್ಲಿ ಹಲವರು ಈಗಲೂ ಇದ್ದಾರೆ, ಕೇಳಿದರೆ ಖುಷಿಯಿಂದ ಹೇಳುತ್ತಾರೆ. ಕೇಳುವವರು ಬೇಕು.

ಆದ್ದರಿಂದ ಗೆಳೆಯರೇ, ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಹಳೆ ಹಾರ್ಡ್‌ವೇರ್ ಅಂಗಡಿಯ ಪಕ್ಕದ ಗೋಡೆ, ಮುಚ್ಚಿದ ಗೋಡೌನಿನ ಬಾಗಿಲು, ಹಿತ್ತಲಿನ ಗಿಡದ ಬುಡ, ಸ್ವಲ್ಪ ನೋಡಿ. ಗಟ್ಟು ಸಿಕ್ಕರೆ ಒಂದು ಫೋಟೋ ತೆಗೆದಿಡಿ. ಮೂಲೆಯಲ್ಲಿ ಪೇಂಟರಿನ ಸಹಿ ಇದ್ದರೆ ಅದನ್ನೂ ಸೇರಿಸಿ ತೆಗೀರಿ. ನಿಮ್ಮೂರಿನ ಗಟ್ಟುವಿಗೆ ಮೂಗು ಹೇಗಿತ್ತು ಅಂತ ಬರೆದು ತಿಳಿಸಿ, ಕಾಯ್ತಿರ್ತೀನಿ.